ಚೆಲುವಮ್ಮನ ಮಹಡಿಗೆ ಆಷಾಢ ಬಂದದ್ದು

ಚೆಲುವಮ್ಮನಿಗೆ ಸಿಟ್ಟು ಬಂದದ್ದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಪಾತ್ರೆಗಳಿಗೆ ಗೊತ್ತಾಗುತ್ತಿತ್ತು. ಗಂಡ ಮಹದೇವು ಹಜಾರದಲ್ಲಿ ಪೇಪರ್ ಹಿಡಿದು ಕೂತಿದ್ದರೂ ಅಡುಗೆಮನೆಯ ಸದ್ದಿನ ಮೇಲೇ ಇವತ್ತಿನ ಸಿಟ್ಟು ಯಾರ ಮೇಲೆ, ಎಷ್ಟು ಹೊತ್ತಿನದು ಎಂದು ಅಂದಾಜು ಹಾಕುತ್ತಿದ್ದ. ಹಾಲಿನವನು ನೀರು ಬೆರೆಸಿದರೆ ಸಣ್ಣ ಸದ್ದು. ತರಕಾರಿಯವನು ತೂಕದಲ್ಲಿ ಕೈಚಳಕ ತೋರಿಸಿದರೆ ದೊಡ್ಡ ಸದ್ದು. ಆದರೆ ಎರಡು ಸಾವಿರದ ನಾಲ್ಕನೇ ಇಸವಿಯ ಆಷಾಢದಲ್ಲಿ ಬಂದ ಸಿಟ್ಟಿಗೆ ಸದ್ದೇ ಇರಲಿಲ್ಲ. ಚೆಲುವಮ್ಮ ಪಾತ್ರೆಗಳನ್ನು ಮೆಲ್ಲಗೆ ಎತ್ತಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು. ಮಹದೇವುಗೆ ಮದುವೆಯಾದ ಮೇಲೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು.

ಅವಳು ಮಂಡಕಳ್ಳಿಯ ಒಕ್ಕಲು ಮನೆತನದ ಮಗಳು. ರಾಗಿ ಹೊಲ, ಎಮ್ಮೆ, ಊರಾಚೆ ಹುಲ್ಲು ಬೆಳೆದು ಬಿದ್ದಿದ್ದ ವಿಮಾನದ ಪಟ್ಟಿ, ಇಷ್ಟೇ ಬಾಲ್ಯದ ಪ್ರಪಂಚ. ಆ ಪಟ್ಟಿಯ ಮೇಲೆ ಅಪರೂಪಕ್ಕೆ ಒಂದು ಸಣ್ಣ ವಿಮಾನ ಇಳಿದರೆ ಊರಿಗೆ ಊರೇ ನೋಡಲು ಓಡುತ್ತಿತ್ತು. ಚೆಲುವಮ್ಮನ ಮೈಬಣ್ಣ ಅಚ್ಚ ಕಪ್ಪು. ಹೆಸರಿಗೂ ಬಣ್ಣಕ್ಕೂ ತಾಳೆ ಹಾಕಿ ನಗುವವರಿಗೆ ಕೊರತೆಯಿರಲಿಲ್ಲ. ಮಹದೇವುಗಿಂತ ಮುಂಚೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರು ಸೇರಿದ ಮೇಲೆ ‘ಹೆಸರುಬಲ ಕೂಡಿಬರಲಿಲ್ಲ’ ಎಂದು ಹೇಳಿ ಕಳಿಸುತ್ತಿದ್ದರು. ಅವಳ ಹೆಸರನ್ನೇ ಸರಿಯಾಗಿ ಕೇಳಿಕೊಳ್ಳದೆ ಎದ್ದು ಹೋದವರು ಅದು ಯಾವ ಹೆಸರಿನ ಬಲ ನೋಡಿದರೋ! ಅಪ್ಪ ಅವ್ವ ಅದನ್ನು ನಂಬಿದರು, ಅಥವಾ ನಂಬಿದಂತೆ ನಟಿಸಿದರು. ಚೆಲುವಮ್ಮ ನಂಬಲಿಲ್ಲ, ಮರೆಯಲೂ ಇಲ್ಲ.

ಮಹದೇವು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗೋಕುಲಂನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ ಅಲ್ಲಿ ಒಂದು ಮನೆ ಕಟ್ಟಿಸಿದ. ತೊಂಬತ್ತರ ದಶಕದ ಕೊನೆಗೆ ಮೇಲೊಂದು ರೂಮು, ಪುಟ್ಟ ಅಡುಗೆಮನೆ, ಬಚ್ಚಲು ಎಬ್ಬಿಸಿದರು. ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಡುವ ಯೋಚನೆ ಇತ್ತು. ಅಷ್ಟರಲ್ಲಿ ಯೋಗ ಕಲಿಯುವ ಪರದೇಶದವರು ಗೋಕುಲಂ ಹಿಡಿದರು. ಬೆಳಕು ಹರಿಯುವ ಮುಂಚೆಯೇ ಚಾಪೆ ಸುತ್ತಿಕೊಂಡು ಹೊರಡುವ ಬಿಳಿಯರು ಬೀದಿಯ ತುಂಬ ಕಾಣಿಸಿಕೊಂಡರು. ಎಳನೀರಿನವನು ಇಂಗ್ಲಿಷ್ ಕಲಿತ, ಆಟೋದವರು ಮೀಟರ್ ಮರೆತರು, ಬೀದಿಯ ಹೆಂಗಸರು ಮಹಡಿ ಮೆಟ್ಟಿಲು ತೊಳೆದು ‘ಟು ಲೆಟ್’ ಬೋರ್ಡು ತೂಗುಹಾಕಿದರು. ಎದುರುಮನೆಯ ವಸಂತಮ್ಮ ಎಲ್ಲರಿಗಿಂತ ಚುರುಕು. ಮನೆಯ ಮೇಲೆ ಮನೆ ಕಟ್ಟಿಸಿ ಮೂರು ಅಂತಸ್ತು ಮಾಡಿದವಳು. ಚೆಲುವಮ್ಮನಿಗೆ ಹಿರಿಯಕ್ಕನ ಹಾಗೆ. ಹಪ್ಪಳ ಒಣಗಿಸುವುದರಿಂದ ಹಿಡಿದು ಆಷಾಢ ಶುಕ್ರವಾರ ಚಾಮುಂಡಿಬೆಟ್ಟಕ್ಕೆ ಹೋಗುವವರೆಗೆ ಇಬ್ಬರದೂ ಜೋಡಿ.

ಚೆಲುವಮ್ಮನ ಮಹಡಿಗೆ ಯಾರೇ ಬರಲಿ, ಜರ್ಮನಿಯವರೋ ಸ್ವೀಡನ್ನಿನವರೋ, ಮೊದಲು ಹಾಲುಕ್ಕಿಸಬೇಕು. ಹೊಸ ಮನೆಗೆ ಕಾಲಿಟ್ಟವರು ಒಲೆ ಹೊತ್ತಿಸಿ ಹಾಲು ಕಾಯಿಸಿ ಅದು ಉಕ್ಕಿ ಚೆಲ್ಲುವವರೆಗೆ ನೋಡುತ್ತ ನಿಲ್ಲಬೇಕು, ಆಮೇಲೆ ಪೆಟ್ಟಿಗೆ ಬಿಚ್ಚಬೇಕು. ಇದು ನಮ್ಮಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲರೂ ಮಾಡುವುದು. ಪರದೇಶದವರಿಗೆ ಇದೊಂದು ತಮಾಷೆ. ಹಾಲು ಏರಿದ ಕೂಡಲೇ ಎಲ್ಲರೂ ಗಾಬರಿಯಿಂದ ಒಲೆ ಆರಿಸಲು ಕೈ ಹಾಕುವವರೇ. ಚೆಲುವಮ್ಮ ಅವರ ಮಣಿಕಟ್ಟು ಹಿಡಿದು “ವೇಯ್ಟ್” ಅನ್ನುತ್ತಿದ್ದಳು. ಹಾಲು ಚೆಲ್ಲಿದ ಮೇಲೆ “ನೌ ಯುವರ್ ಹೌಸ್” ಎಂದು ಬೀಗದ ಕೈ ಕೊಡುತ್ತಿದ್ದಳು. ಅವಳ ಇಂಗ್ಲಿಷಿನ ಮುಕ್ಕಾಲು ಪಾಲು ಇಷ್ಟೇ, ಅದಕ್ಕೆ ಅವಳಿಗೆ ನಾಚಿಕೆಯೂ ಇರಲಿಲ್ಲ.

ನಾಲ್ಕಾರು ವರ್ಷ ಬಾಡಿಗೆಗೆ ಕೊಟ್ಟ ಮೇಲೆ ಜಗತ್ತು ಯಾವ ತಿಂಗಳು ಯಾವ ಕಡೆಯಿಂದ ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಯಿತು. ಬೇಸಿಗೆ ರಜೆಗೆ ಕೇರಳದವರು ಬಸ್ಸು ಮಾಡಿಕೊಂಡು ಅರಮನೆಗೆ, ದಸರಾಕ್ಕೆ ಬಂಗಾಳಿಗಳು, ದೀಪಾವಳಿ ಕಳೆದ ಮೇಲೆ ಗುಜರಾತಿನವರು. ಇವರೆಲ್ಲ ಬೆಳಿಗ್ಗೆ ಅರಮನೆ ನೋಡಿ ಮಧ್ಯಾಹ್ನಕ್ಕೆ ಊಟಿಯ ಘಾಟ್ ಹತ್ತುವವರು, ಗೋಕುಲಂಗೆ ಪ್ರಯೋಜನವಿಲ್ಲ. ಮೈಸೂರಿಗೆ ಸಮುದ್ರವಿಲ್ಲ, ಮಂಜಿಲ್ಲ, ಮೋಡ ಮುಟ್ಟುವ ಎತ್ತರವಿಲ್ಲ. ಇರುವುದು ಹದವಾದ ಹವೆ. ಹದಕ್ಕೆ ಬೆಲೆ ಕಟ್ಟುವವರು ಯಾರು? ಮಂಜಿನಲ್ಲಿ ಹೂತುಹೋಗುವ ದೇಶದವರು. ಅವರು ಕಾರ್ತಿಕದಲ್ಲಿ ಬಂದು ಶಿವರಾತ್ರಿ ಮುಗಿಸಿ ಹೋಗುತ್ತಿದ್ದರು. ಜೂನ್ ಹೊತ್ತಿಗೆ ಅವರ ದೇಶದಲ್ಲೇ ಬಿಸಿಲು ಬಿದ್ದು, ಗೋಕುಲಂನ ಮಹಡಿಗಳೆಲ್ಲ ಖಾಲಿ.

ಖಾಲಿಯಾದರೂ ಯಾರಿಗೂ ಬೇಸರವಿರಲಿಲ್ಲ, ಏಕೆಂದರೆ ಅದು ಆಷಾಢ. ಆಷಾಢದಲ್ಲಿ ನಮ್ಮವರು ಮದುವೆ ಮಾಡುವುದಿಲ್ಲ, ಹೊಸ ಮನೆಗೆ ಹೋಗುವುದಿಲ್ಲ, ಮನೆಗೆ ಹೊಸಬರನ್ನು ಸೇರಿಸುವುದೂ ಇಲ್ಲ. ಆ ಒಂದು ತಿಂಗಳು ಹಾಲುಕ್ಕಿಸುವಂತಿಲ್ಲ. ಮಂಜಿನ ದೇಶದವರ ಬೇಸಿಗೆಯೂ ನಮ್ಮ ಆಷಾಢವೂ ಹೀಗೆ ಹೊಂದಿಕೊಂಡುಬಿಟ್ಟಿದ್ದರಿಂದ ಬಾಗಿಲಿಗೆ ಬಂದವರನ್ನು ಆಷಾಢದ ಹೆಸರಲ್ಲಿ ವಾಪಸ್ಸು ಕಳಿಸುವ ಸಂದರ್ಭವೇ ಚೆಲುವಮ್ಮನಿಗೆ ಬಂದಿರಲಿಲ್ಲ. ಭೂಮಿಗೆ ಇನ್ನೊಂದು ಅರ್ಧವಿದೆ, ಅಲ್ಲಿ ಜೂನ್ ಎಂದರೆ ಕಡುಚಳಿ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಆ ಇನ್ನೊಂದು ಅರ್ಧದಿಂದ ಒಬ್ಬಳು ಆ ವರ್ಷ ಆಷಾಢದ ಮೊದಲ ವಾರದಲ್ಲೇ ಗೇಟಿನ ಮುಂದೆ ಬಂದು ನಿಂತಳು. ಬೀದಿಗೆಲ್ಲ ಪರಿಚಯದ ಚಿಕ್ಕಣ್ಣನ ಆಟೋದಿಂದ ಇಳಿದ ಎತ್ತರದ ಹೆಂಗಸು, ಚೆಲುವಮ್ಮನಿಗಿಂತ ಒಂದು ಪಟ್ಟು ಹೆಚ್ಚೇ ಕಪ್ಪು, ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡಿದ್ದಳು. ದಕ್ಷಿಣ ಆಫ್ರಿಕಾದವಳು, ಆಸ್ಪತ್ರೆಯಲ್ಲಿ ನರ್ಸು, ರಜೆ ಹಾಕಿ ಯೋಗ ಕಲಿಯಲು ಬಂದಿದ್ದಾಳೆ ಎಂದು ಚಿಕ್ಕಣ್ಣ ಹೇಳಿದ. ಚೆಲುವಮ್ಮನ ಕೈ ಅಭ್ಯಾಸದಂತೆ ಬೀಗದ ಕೈಯ ಮೊಳೆಯತ್ತ ಹೋಯಿತು, ಆಷಾಢ ನೆನಪಾಗಿ ಅಲ್ಲೇ ನಿಂತಿತು. “ದಿಸ್ ಮಂತ್ ನೋ. ನೆಕ್ಸ್ಟ್ ಮಂತ್ ಕಮ್,” ಅಂದಳು. ಏಕೆ ಎಂದು ಹೆಂಗಸು ಕೇಳಿದಳು. ಆಷಾಢವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? “ಗಾಡ್ ಮಂತ್,” ಅಂದಳು ಚೆಲುವಮ್ಮ. ಹೆಂಗಸು ಗೇಟಿನ ಮೇಲಿದ್ದ ಟು ಲೆಟ್ ಬೋರ್ಡನ್ನು ಒಮ್ಮೆ ನೋಡಿದಳು. ಕುಡಿಯಲು ನೀರು ಕೇಳಿ ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ ಆಟೋ ಹತ್ತಿದಳು. ಬೋರ್ಡು ತೆಗೆಯಬೇಕಿತ್ತು ಎಂದು ಚೆಲುವಮ್ಮನಿಗೆ ಆಮೇಲೆ ಅನ್ನಿಸಿತು.

ಮುಂದಿನ ಶುಕ್ರವಾರ ವಸಂತಮ್ಮನೂ ಅವಳೂ ಬೆಟ್ಟಕ್ಕೆ ಹೋದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲರ ಕೈಯಲ್ಲೂ ಹೂವು, ನಿಂಬೆಹಣ್ಣು. ಸರದಿಯಲ್ಲಿ ನಿಂತಾಗ ಆ ಹೆಂಗಸಿನ ಮಾತು ಬಂತು. ತನ್ನ ಬಾಗಿಲಿಗೂ ಬಂದಿದ್ದಳು, ತಾನೂ ಆಷಾಢ ಅಂದೆ ಎಂದಳು ವಸಂತಮ್ಮ. ಪಾಪ, ಇಂಥ ತಿಂಗಳಲ್ಲೇ ಬರಬೇಕಾ ಎಂದು ಇಬ್ಬರೂ ಮರುಗಿದರು. ಬೀದಿಯ ಎಲ್ಲ ಮನೆಗಳಲ್ಲೂ ಇದೇ ಉತ್ತರ ಸಿಕ್ಕಿತೆಂದೂ ಕೊನೆಗೆ ಲಷ್ಕರ್ ಮೊಹಲ್ಲಾದ ಲಾಡ್ಜೊಂದಕ್ಕೆ ಬಿಟ್ಟುಬಂದೆನೆಂದೂ ಚಿಕ್ಕಣ್ಣ ಹೇಳಿದ್ದ. ಅಲ್ಲಿಂದ ದಿನಾ ಕತ್ತಲಲ್ಲೇ ಎದ್ದು ಯೋಗಕ್ಕೆ ಬರುತ್ತಾಳಂತೆ. ದೇವಿಯ ಮುಂದೆ ಚೆಲುವಮ್ಮ ಅವಳಿಗಾಗಿಯೂ ಒಂದು ಸಲ ಕೈ ಮುಗಿದಳು. ಅಷ್ಟು ಮಾಡಿದ್ದಕ್ಕೆ ಮನಸ್ಸು ಹಗುರವಾಯಿತು ಕೂಡ. ನೋಡಿ, ಮನಸ್ಸು ಎಷ್ಟು ಅಗ್ಗಕ್ಕೆ ಹಗುರವಾಗುತ್ತದೆ.

ಆ ಹಗುರ ಮುಂದಿನ ಮಂಗಳವಾರದವರೆಗೆ ಉಳಿಯಿತು. ಮಂಗಳವಾರ ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ಚೆಲುವಮ್ಮ ತಲೆ ಎತ್ತಿದರೆ ವಸಂತಮ್ಮನ ಮೂರನೇ ಅಂತಸ್ತಿನ ತಂತಿಯ ಮೇಲೆ ಯೋಗದ ಬಟ್ಟೆ ಒಣಗುತ್ತಿದೆ. ಪಕ್ಕದಲ್ಲಿ ಬೆಳ್ಳನೆಯ ಹುಡುಗಿಯೊಬ್ಬಳು ಕಾಫಿ ಲೋಟ ಹಿಡಿದು ನಿಂತಿದ್ದಾಳೆ. ವಸಂತಮ್ಮ ಕೆಳಗಿನಿಂದಲೇ ನಗುತ್ತ ಹೇಳಿದಳು, ಆಸ್ಟ್ರೇಲಿಯಾದವಳಂತೆ, ನಿನ್ನೆ ಸಂಜೆ ಬಂದಳು. ಆಷಾಢ ಅಲ್ಲವೇ ಅಕ್ಕ ಎಂದು ಚೆಲುವಮ್ಮ ಕೇಳಿದ್ದಕ್ಕೆ, ಜ್ಯೇಷ್ಠದಲ್ಲೇ ಒಂದು ಒಳ್ಳೇ ದಿನ ನೋಡಿ ಖಾಲಿ ರೂಮಿನಲ್ಲಿ ಹಾಲುಕ್ಕಿಸಿ ಇಟ್ಟಿದ್ದೆ, ಯಾರು ಬಂದರೂ ದೋಷವಿಲ್ಲ ಎಂದಳು. ಅದೂ ನಮ್ಮಲ್ಲಿ ಇರುವ ದಾರಿಯೇ. ಆಷಾಢ ಹಿಡಿಯುವ ಮುಂಚೆ ಹಾಲುಕ್ಕಿಸಿಬಿಟ್ಟರೆ ಸಾಮಾನು ಆಮೇಲೆ ಬರಬಹುದು. ಚೆಲುವಮ್ಮ ಹೌದಲ್ಲ ಅಂದುಕೊಂಡು ಒಳಗೆ ಬಂದಳು. ಚೊಂಬು ಕೆಳಗಿಡುವಾಗ ಇನ್ನೊಂದು ಯೋಚನೆ ಬಂತು. ಯಾರು ಬಂದರೂ ದೋಷವಿಲ್ಲ ಅಂದಮೇಲೆ, ಆಷಾಢದ ಮೊದಲ ವಾರ ಬಂದವಳಿಗೆ ದೋಷ ಎಲ್ಲಿಂದ ಬಂತು?

ಮಗಳು ವರ್ಷಿಣಿ ಆಗ ಬಿ.ಎಡ್. ಓದುತ್ತಿದ್ದಳು. ಪಾಠ ಹೇಳಲು ಬೇಕೆಂದು ಮಡಕೆಯ ಮೇಲೆ ಕಾಗದ ಅಂಟಿಸಿ, ಬಣ್ಣ ಬಳಿದು ಒಂದು ಭೂಗೋಳ ಮಾಡಿಟ್ಟಿದ್ದಳು. ಚೆಲುವಮ್ಮ ಅದರ ಮುಂದೆ ಕೂತು ಆಸ್ಟ್ರೇಲಿಯಾ ಎಲ್ಲಿ ಎಂದು ಕೇಳಿದಳು. ಇವರೆಲ್ಲ ಈ ತಿಂಗಳಲ್ಲೇ ಏಕೆ ಬರುತ್ತಾರೆ ಎಂದೂ ಕೇಳಿದಳು. ವರ್ಷಿಣಿ ಆಸ್ಟ್ರೇಲಿಯಾದ ಮೇಲೆ ಬೆರಳಿಟ್ಟು, ಮಡಕೆಯನ್ನು ವಾಲಿಸಿ, ನಡುಪಟ್ಟಿಯ ಕೆಳಗಿನ ಅರ್ಧ ಈಗ ಸೂರ್ಯನಿಂದ ದೂರ ವಾಲಿದೆ, ನಮಗೆ ಮುಂಗಾರಾದರೆ ಅವರಿಗೆ ಚಳಿಗಾಲ, ಜನ ಚಳಿ ಇರುವ ಕಡೆಯಿಂದ ಚಳಿ ಇಲ್ಲದ ಕಡೆಗೆ ಹೊರಡುತ್ತಾರೆ ಎಂದು ವಿವರಿಸಿದಳು.

“ಆಫ್ರಿಕಾದವಳ ಊರು?”

ವರ್ಷಿಣಿ ಬೆರಳನ್ನು ಆಸ್ಟ್ರೇಲಿಯಾದ ಮೇಲಿಂದ ಎತ್ತದೆ, ಮಡಕೆಯನ್ನು ಮೆಲ್ಲಗೆ ತಿರುಗಿಸಿದಳು. ನೀಲಿ ಸಮುದ್ರ ಸರಿದು ಆಫ್ರಿಕಾದ ತುದಿ ಬೆರಳ ಕೆಳಗೆ ಬಂತು.

“ಹೆಚ್ಚುಕಮ್ಮಿ ಒಂದೇ ಗೆರೆ ಮೇಲಿವೆ ಕಣಮ್ಮ. ಅದೇ ಚಳಿ, ಅದೇ ತಿಂಗಳು.”

ಅದೇ ಗೆರೆ, ಅದೇ ಚಳಿ, ಅದೇ ಯೋಗ, ಅದೇ ಗೋಕುಲಂ. ಒಬ್ಬಳಿಗೆ ಬೀಗದ ಕೈ, ಇನ್ನೊಬ್ಬಳಿಗೆ ಆಷಾಢ. ಚೆಲುವಮ್ಮನಿಗೆ ತಟ್ಟನೆ ಮಂಡಕಳ್ಳಿಯ ಜಗಲಿ, ಉಪ್ಪಿಟ್ಟಿನ ತಟ್ಟೆ ನೆನಪಾದವು. ಹೆಸರುಬಲ ಕೂಡಿಬರಲಿಲ್ಲ! ಇಷ್ಟು ವರ್ಷದ ಮೇಲೆ ಅದೇ ಸುಳ್ಳು ಬೇರೆ ಸೀರೆ ಉಟ್ಟುಕೊಂಡು ತನ್ನ ಬೀದಿಯಲ್ಲೇ ಓಡಾಡುತ್ತಿದೆ, ತಾನೂ ಅದರ ಜೊತೆ ಬೆಟ್ಟಕ್ಕೆ ಹೋಗಿ ಬಂದಿದ್ದೇನೆ. ಆಗಲೇ ಅವಳು ಪಾತ್ರೆಗಳನ್ನು ಮೆಲ್ಲಗೆ ಎತ್ತಿಟ್ಟು ಚಪ್ಪಲಿ ಮೆಟ್ಟಿಕೊಂಡದ್ದು.

ವಸಂತಮ್ಮ ಹಜಾರದಲ್ಲಿ ಬತ್ತಿ ಹೊಸೆಯುತ್ತಿದ್ದಳು. ಚೆಲುವಮ್ಮ ಕೂರಲಿಲ್ಲ. ಜ್ಯೇಷ್ಠದಲ್ಲಿ ಉಕ್ಕಿಸಿದ ಹಾಲು ಆಫ್ರಿಕಾದವಳಿಗೆ ಏಕೆ ಆಗಲಿಲ್ಲ ಎಂದು ನೇರವಾಗಿ ಕೇಳಿದಳು. ವಸಂತಮ್ಮ ಮೊದಲು ಮರೆವು ಅಂದಳು, ಆಮೇಲೆ ಬಚ್ಚಲಿನ ನಲ್ಲಿ ಕೆಟ್ಟಿತ್ತು ಅಂದಳು. ಚೆಲುವಮ್ಮ ಕದಲದೆ ನಿಂತದ್ದು ನೋಡಿ ಕೊನೆಗೆ ಬತ್ತಿಯನ್ನು ತಟ್ಟೆಗೆ ಹಾಕಿದಳು.

“ನೋಡು ಚೆಲುವಾ, ಬಂದೋರೆಲ್ಲ ಟೂರಿಸ್ಟ್ ಆಗ್ಬುಡ್ತಾರಾ? ಬೆಳ್ಳಗಿರೋರು ಒಬ್ರು ಬಂದ್ರೆ ಅವರಿಂದ ಇನ್ನೂ ನಾಕು ಜನ ಬರ್ತಾರೆ. ಇಂಥೋಳು ಮಹಡಿ ಮೇಲೆ ನಿಂತಿದ್ರೆ ಅವರು ಬರ್ತಾರಾ? ನಾನು ಮನೆ ನೋಡ್ಕೋಬೇಕಲ್ಲ.”

“ಅಂಗಂತ ಅವಳ ಮುಖಕ್ಕೇ ಹೇಳ್ಬೇಕಾಗಿತ್ತು. ತಾಯಿ ತಿಂಗಳನ್ನ ಯಾಕೆ ಅಡ್ಡ ಇಟ್ರಿ?”

“ನೀನೇನು ಬಾಗಿಲು ತೆಗೆದ್ಯಾ? ನೀನೂ ಆಷಾಢ ಅಂದೆ, ನಾನೂ ಆಷಾಢ ಅಂದೆ. ಅವಳಿಗೆ ನಿನ್ನ ಗೇಟೂ ಒಂದೇ, ನನ್ನ ಗೇಟೂ ಒಂದೇ ಕಣೆ.”

ಚೆಲುವಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಆ ಮಾತು ಸುಳ್ಳಾಗಿದ್ದಕ್ಕಲ್ಲ. ತಾನು ಹುಟ್ಟಿದಾಗಿನಿಂದ ಭಯಭಕ್ತಿಯಿಂದ ನಡೆಸಿಕೊಂಡು ಬಂದ ಆಷಾಢವನ್ನು ಈ ಬೀದಿಯವರು ಬಾಗಿಲಿನ ಚಿಲಕ ಮಾಡಿಕೊಂಡಿದ್ದರು. ಇನ್ನು ತನ್ನದು ನಿಜವಾದದ್ದು ಎಂದರೆ ಯಾರು ನಂಬುತ್ತಾರೆ? ಎದುರುಮನೆಯ ಮೆಟ್ಟಿಲು ಇಳಿದವಳೇ ಚಿಕ್ಕಣ್ಣನನ್ನು ಕರೆದಳು, ಇಂಗ್ಲಿಷಿಗೆಂದು ಮಗಳನ್ನು ಕರೆದಳು. ಮಹದೇವು ಗೇಟಿನವರೆಗೆ ಬಂದು, ಆಷಾಢ ಕಳೆಯಲಿ, ಶ್ರಾವಣದಲ್ಲಿ ಕರೆದುಕೊಂಡು ಬಂದರಾಯಿತು ಎಂದು ಮೆತ್ತಗೆ ಹೇಳಿ ನೋಡಿದ.

“ಚಾಮುಂಡಿ ತಾಯಿ ಹುಟ್ಟಿದ್ದು ಯಾವ ತಿಂಗಳು ಹೇಳಿ ನೋಡೋಣ,” ಅಂದಳು ಚೆಲುವಮ್ಮ.

ಮಹದೇವು ಗೇಟು ಬಿಟ್ಟು ಪಕ್ಕಕ್ಕೆ ಸರಿದ. ದೇವಿಯ ವರ್ಧಂತಿ ಆಷಾಢದಲ್ಲೇ ಎಂದು ಮೈಸೂರಿನ ಮಕ್ಕಳಿಗೂ ಗೊತ್ತು. ಆ ತಾಯಿ ಹುಟ್ಟಿದ ತಿಂಗಳಲ್ಲಿ ಒಂದು ಹೆಣ್ಣಿಗೆ ಬಾಗಿಲು ತೆಗೆದರೆ ಯಾವ ಕೇಡು ಬರುತ್ತದೋ ಬರಲಿ ಎಂದು ಅವಳು ಆಟೋ ಹತ್ತಿದಳು. ಮೈಯೊಳಗೆ ಅಳುಕು ಇರಲಿಲ್ಲ ಎಂದಲ್ಲ. ಒಂಟಿಕೊಪ್ಪಲು ದಾಟುವವರೆಗೂ ಮಗಳಿಗೆ ಏನೂ ಆಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಲಷ್ಕರ್ ಮೊಹಲ್ಲಾದ ಆ ಲಾಡ್ಜು ಗುಜರಿ ಅಂಗಡಿಗಳ ನಡುವೆ ಇತ್ತು. ಮೆಟ್ಟಿಲಲ್ಲಿ ಬೀಡಿ ತುಂಡು, ಗೋಡೆಯ ತುಂಬ ಎಲೆ ಅಡಿಕೆಯ ಕಲೆ. ಆಫ್ರಿಕಾದವಳು ಬಾಗಿಲು ತೆರೆದಾಗ ಹಿಂದೆ ಮಂಚದ ಮೇಲೆ ಪೆಟ್ಟಿಗೆ ತೆರೆದುಕೊಂಡಿತ್ತು, ಮಡಿಸಿದ ಬಟ್ಟೆ ಅದರೊಳಗೆ ಹೋಗುತ್ತಿತ್ತು. ರಜೆ ಇನ್ನೂ ಬೇಕಾದಷ್ಟು ಉಳಿದಿತ್ತಂತೆ. ಆದರೂ ಊರಿಗೆ ಹೊರಡುತ್ತೇನೆ ಎಂದಳು. ಚೆಲುವಮ್ಮ ಆಷಾಢ ಎಂದರೇನು ಎಂದು ಹೇಳತೊಡಗಿದಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಾಲುಕ್ಕಿಸುವಂತಿಲ್ಲ, ನನ್ನದು ನಿಜವಾಗಿ ಅಷ್ಟೇ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ವರ್ಷಿಣಿ ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸಿದಳು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಹೇಳಿದ್ದನ್ನು ವರ್ಷಿಣಿ ತಲೆ ತಗ್ಗಿಸಿಕೊಂಡು ಕನ್ನಡಕ್ಕೆ ತಂದಳು.

“ಅವರ ದೇಶದಲ್ಲಿ ಅವರು ಚಿಕ್ಕವರಿದ್ದಾಗ ಬೋರ್ಡಿನ ಮೇಲೇ ಬರ್ದಿರ್ತಿತ್ತಂತಮ್ಮ, ಇದು ನಿಮಗಲ್ಲ ಅಂತ. ಇಲ್ಲಿ ಬೋರ್ಡು ಬಾ ಅನ್ನುತ್ತೆ, ಬಾಗಿಲು ಬೇಡ ಅನ್ನುತ್ತೆ ಅಂತಾರೆ. ನಿಮ್ಮ ಆಷಾಢ ನಿಜ ಇರಬಹುದಂತೆ. ಆದರೆ ಎಲ್ಲರೂ ಹೇಳಿದ್ದು ಅದೇ ಮಾತು. ಯಾರದ್ದು ನಿಜ ಯಾರದ್ದು ಸುಳ್ಳು ಅಂತ ಹುಡುಕೋ ಕೆಲಸ ನನ್ನದಾ ಅಂತ ಕೇಳ್ತಿದಾರೆ.”

ಆ ಪ್ರಶ್ನೆ ಚೆಲುವಮ್ಮ ತನ್ನನ್ನು ಹೆಣ್ಣು ನೋಡಲು ಬಂದವರಿಗೆ ಕೇಳಬೇಕಾಗಿದ್ದದ್ದು, ಕೇಳದೆ ನುಂಗಿಕೊಂಡದ್ದು. ಅವಳು, ನನ್ನನ್ನು ನಂಬಬೇಡ, ಬಂದು ಮಹಡಿ ನೋಡು, ಅಲ್ಲಿ ಬೇರೆ ಯಾರಾದರೂ ಇದ್ದರೆ ಹಾಗೇ ಹೊರಟುಬಿಡು ಎಂದಳು. ಹೆಂಗಸು ಅವಳ ಮುಖ ನೋಡಿದಳು. ಪೆಟ್ಟಿಗೆ ಮುಚ್ಚಿ ಕೈಗೆತ್ತಿಕೊಂಡಳು. ಉಳಿಯಲು ಬರುತ್ತಿದ್ದೇನೆ ಎಂದು ಹೇಳಲಿಲ್ಲ.

ಮಹಡಿಯ ಬಾಗಿಲು ತೆರೆದರೆ ಮುಚ್ಚಿಟ್ಟ ಮನೆಯ ವಾಸನೆ. ಶಿವರಾತ್ರಿಯ ಹೊತ್ತಿಗೆ ಬಿಟ್ಟುಹೋದವರ ಹಳೇ ಚಾಪೆ ಮೂಲೆಯಲ್ಲಿತ್ತು. ಒಲೆಯ ಮೇಲೆ ಧೂಳು, ಕಿಟಕಿಯಲ್ಲಿ ಜೇಡರ ಬಲೆ. ಹೆಂಗಸು ಒಲೆಯ ಮೇಲೆ ಬೆರಳೆಳೆದು ಧೂಳು ನೋಡಿದಳು, ಬಚ್ಚಲು ಇಣುಕಿದಳು, ಪೆಟ್ಟಿಗೆಯನ್ನು ಬಾಗಿಲ ಹೊರಗೇ ಇಟ್ಟು ನಿಂತಳು. ಚೆಲುವಮ್ಮ ಒಲೆ ಒರೆಸಿ ಹಾಲಿಟ್ಟಳು. ಹಾಲು ಅಂಚಿಗೆ ಏರಿದಾಗ ಎಲ್ಲರ ಹಾಗೆ ಈ ಹೆಂಗಸೂ ಒಲೆ ಆರಿಸಲು ಕೈ ಚಾಚಿದಳು. ಚೆಲುವಮ್ಮ ಆ ಮಣಿಕಟ್ಟು ಹಿಡಿದುಕೊಂಡಳು. ಎರಡು ಕಪ್ಪು ಕೈಗಳ ಮುಂದೆ ಹಾಲು ಉಕ್ಕಿ, ಚೆಲ್ಲಿ, ಒಲೆಯ ಕೆಳಗೆ ಹರಿಯಿತು. ಎದುರು ತಾರಸಿಯಲ್ಲಿ ವಸಂತಮ್ಮ ಬಟ್ಟೆ ತೆಗೆಯುವ ನೆಪದಲ್ಲಿ ನೋಡುತ್ತಿದ್ದಳು. ಚೆಲುವಮ್ಮ ಕಿಟಕಿಯ ಎರಡೂ ಕದಗಳನ್ನು ಪೂರ್ತಿ ತೆಗೆದಿಟ್ಟಳು.

ಆ ಹೆಂಗಸು ರಜೆ ಮುಗಿಯುವವರೆಗೆ ಅಲ್ಲೇ ಇದ್ದಳು. ಹೋಗುವಾಗ ಧನ್ಯವಾದ ಹೇಳಿದಳು, ಮತ್ತೆ ಬರುತ್ತೇನೆ ಎನ್ನಲಿಲ್ಲ, ಬರಲೂ ಇಲ್ಲ. ಬರದೇ ಇದ್ದದ್ದೇ ಸರಿ ಎಂದು ಚೆಲುವಮ್ಮ ಇವತ್ತಿಗೂ ಹೇಳುತ್ತಾಳೆ, ಹಾಗೆ ಹೇಳುವಾಗ ಅವಳ ಕಣ್ಣು ತುಂಬಿಕೊಳ್ಳುತ್ತದೆ. ಮಗಳಿಗೆ ಯಾವ ಕೇಡೂ ಬರಲಿಲ್ಲ. ವಸಂತಮ್ಮನ ಜೊತೆ ಬೆಟ್ಟಕ್ಕೆ ಹೋಗುವುದು ಮಾತ್ರ ನಿಂತಿತು. ಮುಂದಿನ ವರ್ಷಗಳಲ್ಲಿ ಜೂನ್ ತಿಂಗಳಲ್ಲೂ ಗೋಕುಲಂ ತುಂಬತೊಡಗಿತು. ಜ್ಯೇಷ್ಠದಲ್ಲಿ ಖಾಲಿ ರೂಮುಗಳಲ್ಲಿ ಹಾಲುಕ್ಕಿಸಿಡುವುದು ಬೀದಿಯ ಎಲ್ಲರಿಗೂ ಅಭ್ಯಾಸವಾಯಿತು. ಹೀಗೆ ಉಕ್ಕಿಸಿಟ್ಟ ಹಾಲು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ಚೆಲುವಮ್ಮ ತುಳಸಿಗೆ ನೀರು ಹಾಕುತ್ತ ನೋಡುತ್ತಿದ್ದಳು.

ಪೆಟ್ಟಿಗೆ ಹಿಡಿದು ಬಂದವರ ಮುಂದೆ ಬೀದಿಯ ಯಾವ ಗೇಟಿನಲ್ಲಾದರೂ ಆಷಾಢ ಎಂಬ ಮಾತು ಕೇಳಿಸಿದರೆ ಸಾಕು, ಅವಳು ಚೊಂಬು ಕೆಳಗಿಟ್ಟು ಕಾಂಪೌಂಡಿನ ಹತ್ತಿರ ಬರುತ್ತಿದ್ದಳು.

“ಯಾವ ಆಷಾಢ ಕಣ್ರೀ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದಳು. “ಪಂಚಾಂಗ ನೋಡಿ ಬಂದಿದ್ದೋ, ಮುಖ ನೋಡಿ ಬಂದಿದ್ದೋ?”